ಆರನೆಯ ತಜ್ಞೆಯ ಶಿಫಾರಸು

ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ವಿರಾಮಕ್ಕ ಎಂದೇ ಕರೆಯುತ್ತಿದ್ದರು. ಮೊದಮೊದಲು ಅದು ಅಲ್ಪವಿರಾಮದಕ್ಕ ಎಂದಿತ್ತು. ಯಾವ ಕರಡಚ್ಚು ಕೊಟ್ಟರೂ ಬಿಟ್ಟುಹೋದ ಅಲ್ಪವಿರಾಮವನ್ನು ಹುಡುಕಿ, ಕೆಂಪು ಶಾಯಿಯಲ್ಲಿ ಕೊಕ್ಕೆ ಹಾಕಿ ವಾಪಸು ಕಳಿಸುತ್ತಾಳೆಂದು ಯಂತ್ರದವರು ಇಟ್ಟ ಹೆಸರು ಅದು. ಕೂಗುವುದಕ್ಕೆ ಉದ್ದವಾಯಿತೆಂದು ಅವರೇ ಅದನ್ನು ಮೋಟು ಮಾಡಿದರು. ವಿರಾಮ ಇದ್ದದ್ದು ಹೆಸರಿನಲ್ಲಿ ಮಾತ್ರ. ಬೆಳಗ್ಗೆ ಒಂಬತ್ತಕ್ಕೆ ಕಿಟಕಿ ಪಕ್ಕದ ಮೇಜಿಗೆ ಕೂತರೆ ಸಂಜೆ ಐದೂವರೆಯ ತನಕ ಅವಳ ಕತ್ತು ಬಾಗಿದ್ದು ಬಾಗಿದ ಹಾಗೆಯೇ.

ಆ ಕೆಲಸಕ್ಕೆ ಅವಳು ಸೇರಿದ್ದೂ ಒಂದು ತಪ್ಪಿನ ದೆಸೆಯಿಂದಲೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟೈಪಿಂಗ್ ಪರೀಕ್ಷೆಗೆ ಕಟ್ಟಿದ್ದಳು. ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಅವಳ ಪರೀಕ್ಷೆ ಜೂನ್ ಮೂವತ್ತೊಂದಕ್ಕೆ ಎಂದಿತ್ತು. ಓರಗೆಯವರೆಲ್ಲ ನಕ್ಕು ಮನೆಗೆ ಹೋದರು. ಇವಳು ಪಟ್ಟಿಯ ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿದ್ದ ಪ್ರೆಸ್ಸಿನ ವಿಳಾಸ ಬರೆದುಕೊಂಡು ನೆಟ್ಟಗೆ ಅಲ್ಲಿಗೇ ಹೋದಳು.

"ಜೂನ್ ತಿಂಗಳಿಗೆ ನೀವು ಒಂದು ದಿನ ಜಾಸ್ತಿ ಕೊಟ್ಟಿದ್ದೀರಿ. ಆ ದಿನ ನಾನು ಯಾವ ಲೋಕಕ್ಕೆ ಹೋಗಿ ಪರೀಕ್ಷೆ ಬರೀಲಿ?" ಎಂದು ಕೇಳಿದಳು.

ಯಜಮಾನರು ಪಟ್ಟಿ ನೋಡಿದರು, ತಲೆ ಕೆರೆದುಕೊಂಡರು, ಆಮೇಲೆ ಬೇರೆ ಮೂರು ಕರಡು ಹಾಳೆಗಳನ್ನು ಅವಳ ಮುಂದೆ ಸರಿಸಿ, "ಇದರಲ್ಲೂ ಏನಾದ್ರೂ ಕಾಣುತ್ತಾ ನೋಡಮ್ಮ" ಎಂದರು. ಅರ್ಧ ಗಂಟೆಯಲ್ಲಿ ಹದಿನಾಲ್ಕು ಕಂಡವು. ಟೈಪಿಂಗ್ ಪರೀಕ್ಷೆ ಅಲ್ಲಿಗೇ ನಿಂತಿತು.

ಆಮೇಲಿನ ಮೂವತ್ತು ವರ್ಷಗಳಲ್ಲಿ ಅವಳು ಓದದ ಕಾಗದವಿಲ್ಲ. ಟೆಲಿಫೋನ್ ಡೈರೆಕ್ಟರಿ, ರೈಲಿನ ವೇಳಾಪಟ್ಟಿ, ಔಷಧದ ಡಬ್ಬಿಯೊಳಗೆ ಮಡಚಿಡುವ ಚೀಟಿ, ಶಾಲೆಯ ಗಣಿತ ಪುಸ್ತಕ, ಸತ್ತವರ ಸ್ಮರಣೆಯ ಕಾರ್ಡು. ಸರಿಯಾಗಿದ್ದರೆ ಯಾರೂ ಪ್ರೆಸ್ಸಿಗೆ ಫೋನ್ ಮಾಡುವುದಿಲ್ಲ, ತಪ್ಪಾದರೆ ಊರೆಲ್ಲ ಮಾಡುತ್ತದೆ. ಇದು ಅವಳಿಗೆ ಬೇಗ ಗೊತ್ತಾಯಿತು, ಬೇಸರವೂ ಆಗಲಿಲ್ಲ. ಫೋನು ಬಾರದ ದಿನವೇ ಒಳ್ಳೆಯ ದಿನ ಎಂದುಕೊಂಡಿದ್ದಳು.

ಅವಳ ಕಣ್ಣು ತಪ್ಪಿಸಿಕೊಂಡು ಹೋದ ತಪ್ಪೊಂದನ್ನು ಮೊದಲು ಹಿಡಿದವನು ಎರಡು ಬೀದಿ ಆಚೆಯ ಕೋಟಿನ ಅಂಗಡಿಯ ಕಟಿಂಗ್ ಮಾಸ್ತರ. ಬಟ್ಟೆ ಕತ್ತರಿಸುವುದಷ್ಟೇ ಅವನ ಕೆಲಸ, ಹೊಲಿಯುವವರು ಬೇರೆ. ಅಂಗಡಿಗೆ ಅಳತೆ ಪುಸ್ತಕ ಅಚ್ಚು ಮಾಡಿಸಿದ್ದರು. ಅದನ್ನು ಕಂಕುಳಲ್ಲಿಟ್ಟುಕೊಂಡು ಬಂದವನು, "ಇದನ್ನು ಓದಿ ತಿದ್ದಿದವರು ಯಾರು?" ಎಂದ. ಇವಳು ಎದ್ದು ನಿಂತಳು.

"ತೋಳಿನ ಕಾಲಂ ಇರೋ ಕಡೆ ಪ್ಯಾಂಟಿನ ಉದ್ದ ಅಂತ ಹಾಕಿದ್ದೀರಿ. ನಿಮ್ಮ ಪುಸ್ತಕ ನಂಬಿ ಕತ್ತರಿಸಿದ್ರೆ ಗಿರಾಕಿಯ ತೋಳು ಪಾದದ ತನಕ ಬರುತ್ತೆ."

ಅವಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ತಪ್ಪು ತೋರಿಸುವಾಗ ದನಿ ಎತ್ತದ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಮರುವರ್ಷವೇ ಮದುವೆಯಾಯಿತು.

ಮಾಸ್ತರ ಕೈಯೆಂದರೆ ಅಂಗಡಿಗೆ ಅದೇ ಬಂಡವಾಳ. ಸೀಮೆಸುಣ್ಣದ ಗೆರೆಯ ಮೇಲೆ ದೊಡ್ಡ ಕತ್ತರಿ ಇಟ್ಟರೆ ಒಂದೇ ಉಸಿರಿನಲ್ಲಿ ಹೆಗಲಿನಿಂದ ಸೊಂಟದ ತನಕ ಇಳಿಯುತ್ತಿತ್ತು. ನಡುವೆ ನಿಲ್ಲುವುದು, ಹಿಂದಕ್ಕೆ ಬರುವುದು ಇಲ್ಲ. ಬೇರೆ ಅಂಗಡಿಯವರು ಗಿರಾಕಿಗಳ ವೇಷದಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ, ಬೂದು ಉಣ್ಣೆಯ ಬಟ್ಟೆಗೆ ಕತ್ತರಿ ಇಟ್ಟಿದ್ದಾಗ, ಹೆಬ್ಬೆರಳು ತಾನಾಗಿ ಒಳಕ್ಕೆ ಮಡಚಿಕೊಂಡಿತು. ಗೆರೆ ಅರ್ಧ ಇಂಚು ಜಾರಿತು. ದಣಿವಿರಬೇಕು ಎಂದು ಮಾಸ್ತರು ಕೈ ಕೊಡವಿದರು. ಮರುವಾರ ಮಣಿಕಟ್ಟೂ ಒಳಕ್ಕೆ ತಿರುಗತೊಡಗಿತು. ಕತ್ತರಿ ಕೆಳಗಿಟ್ಟರೆ ಏನೂ ಆಗಿಲ್ಲವೆಂಬಂತೆ ಕೈ ನೆಟ್ಟಗೆ! ಅಂಗಿಯ ಗುಂಡಿ ಹಾಕುತ್ತಿತ್ತು, ಹಣ್ಣಿನ ಸಿಪ್ಪೆ ಸುಲಿಯುತ್ತಿತ್ತು, ಸಹಿ ಹಾಕುತ್ತಿತ್ತು, ಮಂಡಿ ಹಿಡಿದ ತಾಯಿಗೆ ಎಣ್ಣೆ ತಿಕ್ಕುತ್ತಿತ್ತು. ಕತ್ತರಿ ಎತ್ತಿಕೊಂಡ ಕೂಡಲೇ ಮಾತ್ರ ಮುನಿಸಿಕೊಂಡ ಮಗುವಿನ ಹಾಗೆ ಮುದುಡಿಕೊಳ್ಳುತ್ತಿತ್ತು.

ಮೂಳೆಯ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, "ಇಂಥ ಮೂಳೆ ನನಗಿದ್ದಿದ್ರೆ" ಎಂದು ನಕ್ಕರು. ಎರಡನೆಯವರು ಶಕ್ತಿಯ ಮಾತ್ರೆ ಬರೆದುಕೊಟ್ಟರು. ಮೂರನೆಯವರು, "ನಿಮಗೇನೂ ಇಲ್ಲ. ಮನಸ್ಸು ಗಟ್ಟಿ ಮಾಡ್ಕೊಳ್ಳಿ, ಅಷ್ಟೇ" ಎಂದರು. ಆ ಒಂದು ಮಾತು ಮಾಸ್ತರ ಎದೆಯಲ್ಲಿ ಮುಳ್ಳಾಗಿ ಕೂತಿತು. ಅಂಗಡಿಯಲ್ಲಿ ಒಬ್ಬ, ಮಾಸ್ತರಿಗೆ ಅಂಜಿಕೆ ಹಿಡಿದಿದೆ ಎಂದ. ಇನ್ನೊಬ್ಬ, ಕದ್ದು ಕುಡಿಯುತ್ತಾರೇನೋ ಎಂದ. ಅತ್ತೆಯಂತೂ, "ಯಾರದೋ ಹಾಳು ಕಣ್ಣು ಬಿದ್ದಿದೆ ನನ್ನ ಮಗನ ಕೈಗೆ. ಅಷ್ಟು ಜನ ನಿಂತು ನೋಡಿದ್ರೆ ಕಲ್ಲೂ ಸೀಳುತ್ತೆ" ಎಂದು ಬೀದಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದರು.

ವಿರಾಮಕ್ಕನೂ ಒಮ್ಮೆ ಬಾಯಿ ಜಾರಿದ್ದಳು. ಒಂದು ಭಾನುವಾರ ಮಾಸ್ತರು ಒಗೆದ ಬಟ್ಟೆ ಮಡಚುತ್ತಿದ್ದರು. ಇವಳು ಬಾಗಿಲಲ್ಲಿ ನಿಂತು, "ಉಳಿದದ್ದೆಲ್ಲ ಮಾಡುತ್ತಲ್ಲರೀ ಈ ಕೈ. ಅದೊಂದು ಯಾಕೆ ಆಗಲ್ಲ? ಸ್ವಲ್ಪ ಮನಸ್ಸಿಟ್ಟು ನೋಡಬಾರದಾ?" ಎಂದುಬಿಟ್ಟಳು. ಮಾಸ್ತರು ಕೈಯಲ್ಲಿದ್ದ ಟವೆಲಿನ ಅಂಚಿಗೆ ಅಂಚು ಕೂಡಿಸಿ, ನೀವಿ, ಇಟ್ಟು, ಒಳಗೆ ಹೋದರು. ಅಚ್ಚಾದ ಮೇಲೆ ಕಂಡ ತಪ್ಪಿನ ಹಾಗೆ ಆ ಮಾತು ಅವಳನ್ನು ವರ್ಷಗಟ್ಟಲೆ ಚುಚ್ಚಿತು.

ಯಾರೂ ಹೋಗು ಎನ್ನುವ ಮೊದಲೇ ಮಾಸ್ತರು ಅಂಗಡಿ ಬಿಟ್ಟರು. ಒಂದು ದೊಡ್ಡ ಲಾಂಡ್ರಿಯಲ್ಲಿ, ಬಂದ ಬಟ್ಟೆಗೆ ನಂಬರಿನ ಚೀಟಿ ಪಿನ್ನು ಮಾಡುವ ಕೆಲಸ ಹಿಡಿದರು. ಕೆಲವು ದಿನ ಅವರು ತಾವೇ ಕತ್ತರಿಸಿದ ಕೋಟು ತೊಳೆಯುವುದಕ್ಕೆ ಬರುತ್ತಿತ್ತು. ಹೆಗಲು ನೋಡಿದ ಕೂಡಲೇ ಗುರುತು ಸಿಗುತ್ತಿತ್ತು. ಆ ದಿನ ಮನೆಗೆ ಬಂದರೆ ಊಟದಲ್ಲಿ ಮಾತಿರುತ್ತಿರಲಿಲ್ಲ. ಅವಳೂ ಕೆದಕುತ್ತಿರಲಿಲ್ಲ.

ಹೀಗಿರುವಾಗ ಊರಿಗೆ ನರರೋಗ ತಜ್ಞರ ದೊಡ್ಡ ಸಮ್ಮೇಳನ ಬಂತು. ನದಿ ದಂಡೆಯ ಹೊಸ ಸಮ್ಮೇಳನ ಭವನದಲ್ಲಿ ನಾಲ್ಕು ದಿನ, ನಾಲ್ಕು ಸಾವಿರ ಡಾಕ್ಟರು. ದಿನಕ್ಕೊಂದು ಹದಿನಾರು ಪುಟದ ಪತ್ರಿಕೆ ಹಂಚಬೇಕಂತೆ, ಅದರ ಕೆಲಸ ಇವರ ಪ್ರೆಸ್ಸಿಗೆ ಬಂತು. ಯಜಮಾನರು ಕಾಗದದ ರೀಮುಗಳ ನಡುವೆ ಮದುಮಗನ ಹಾಗೆ ಓಡಾಡಿದರು.

"ನೋಡಮ್ಮ, ನಾಲ್ಕು ಸಾವಿರ ಮಿದುಳು ಡಾಕ್ಟರು ಓದ್ತಾರೆ. ಒಂದು ತಪ್ಪು ಬಿದ್ರೆ ನಮ್ಮ ಮಿದುಳೇ ಪರೀಕ್ಷೆ ಮಾಡ್ತಾರೆ."

"ನಿಮ್ಮದು ಸಿಕ್ಕಿದ್ರೆ ತಾನೇ," ಎಂದಳು ವಿರಾಮಕ್ಕ. ಯಂತ್ರದವರು ನಕ್ಕರು.

ಮೊದಲ ಸಂಚಿಕೆಯ ಮೂರನೆಯ ಪುಟದ ತಲೆಬರಹ: 'ತಜ್ಞರ ಆಯ್ಕೆ: ಈ ಗೋಷ್ಠಿಗಳನ್ನು ತಪ್ಪಿಸಿಕೊಳ್ಳಬೇಡಿ.' ಒಂದೇ ಹೊತ್ತಿಗೆ ಹತ್ತು ಕಡೆ ಗೋಷ್ಠಿ ನಡೆಯುವಾಗ ಬಂದವರು ಎಲ್ಲಿಗೆಂದು ಹೋಗಬೇಕು? ಅದಕ್ಕೆ ಆರು ಜನ ಅನುಭವಿ ತಜ್ಞರನ್ನು ಕೇಳಿ, ತಲಾ ಒಂದು ಶಿಫಾರಸು ಬರೆಸಿಕೊಂಡಿದ್ದರು. ಗುರುವಾರ ಬೆಳಗ್ಗೆ ಅದರ ಕರಡು ಅವಳ ಮೇಜಿಗೆ ಬಂತು.

ಮೊದಲನೆಯವರು ಪಾರ್ಶ್ವವಾಯು ಬಡಿದ ಮೊದಲ ಗಂಟೆಯ ಚಿಕಿತ್ಸೆಯ ಗೋಷ್ಠಿಯನ್ನು ಹೊಗಳಿದ್ದರು. ಎರಡನೆಯವರಿಗೆ ತಲೆನೋವು. ಮೂರನೆಯವರು ಬಸುರಿಯರಲ್ಲಿ ಮೂರ್ಛೆರೋಗದ ಬಗ್ಗೆ ಬರೆದು, 'ಹೆರಿಗೆ ಡಾಕ್ಟರುಗಳನ್ನೂ ಕರೆತನ್ನಿ' ಎಂದು ಸೇರಿಸಿದ್ದರು. ನಾಲ್ಕನೆಯವರು ಬಹಳ ವಿನಯದಿಂದ ತಮ್ಮ ಸ್ವಂತ ಭಾಷಣವನ್ನೇ ಶಿಫಾರಸು ಮಾಡಿದ್ದರು. ಐದನೆಯವರದು ಮರೆವಿನ ಕಾಯಿಲೆ. ಅವರು ಒಂದೇ ವಾಕ್ಯವನ್ನು ಎರಡು ಸಲ ಬರೆದಿದ್ದರಿಂದ ವಿರಾಮಕ್ಕ ತುಟಿ ಕಚ್ಚಿಕೊಂಡು ಒಂದನ್ನು ಹೊಡೆದುಹಾಕಿದಳು.

ಆರನೆಯದು ಒಬ್ಬ ಹಿರಿಯ ಡಾಕ್ಟರಮ್ಮನದು, ಬೇರೆ ಊರಿನವರು. ಹೀಗೆ ಬರೆದಿದ್ದರು:

'ನನ್ನ ಆಯ್ಕೆ ಶನಿವಾರ ಬೆಳಗ್ಗೆ ಎಂಟರ ಗೋಷ್ಠಿ. ಆ ಹೊತ್ತಿಗೆ ನೀವೆಲ್ಲ ತಿಂಡಿಯ ಸಾಲಿನಲ್ಲಿ ಇರುತ್ತೀರೆಂದು ಗೊತ್ತು. ಆದರೂ ಬನ್ನಿ. ಒಂದೇ ಒಂದು ಕೆಲಸಕ್ಕೆ ಒಲ್ಲೆ ಎನ್ನುವ ಕೈಗಳ ಬಗ್ಗೆ ಮಾತಾಡುತ್ತೇವೆ. ಬರೆಯುವವರಿಗೆ ಪೆನ್ನು, ವಾದ್ಯ ನುಡಿಸುವವರಿಗೆ ತಂತಿ, ಕ್ಷೌರಿಕರಿಗೆ ಕತ್ತರಿ ಹಿಡಿದಾಗ ಮಾತ್ರ ಬೆರಳು ಮಡಚಿಕೊಳ್ಳುತ್ತದೆ. ಕೆಳಗಿಟ್ಟರೆ ಕೈ ಮೊದಲಿನಂತೆ. ಸಾವಿರ ಸಾವಿರ ಸಲ ಮಾಡಿ ಪಳಗಿದ ಕೆಲಸದಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಏನೂ ಸಿಗುವುದಿಲ್ಲ. ಇವರಲ್ಲಿ ಅನೇಕರು ನಮ್ಮ ಹತ್ತಿರ ಬರುವಷ್ಟರಲ್ಲಿ ಕೆಲಸ ಬಿಟ್ಟಿರುತ್ತಾರೆ, ಮನಸ್ಸು ಗಟ್ಟಿ ಮಾಡಿಕೋ ಎಂದು ಎಲ್ಲರಿಂದಲೂ ಹೇಳಿಸಿಕೊಂಡಿರುತ್ತಾರೆ. ಇಪ್ಪತ್ತೈದು ವರ್ಷದ ಹಿಂದೆ ಹಾಗೆ ಹೇಳಿ ಕಳಿಸಿದವರಲ್ಲಿ ನಾನೂ ಒಬ್ಬಳು. ಆ ತಪ್ಪು ನಿಮ್ಮಿಂದ ಆಗದಿರಲಿ ಎಂದು ಈ ಶಿಫಾರಸು. ನಾಲ್ಕನೆಯ ಸಭಾಂಗಣ.'

ವಿರಾಮಕ್ಕ ಓದಿದಳು. ಮತ್ತೆ ಓದಿದಳು. ಮೂರನೆಯ ಸಲ ಓದುವಾಗ ಕೆಂಪು ಪೆನ್ನಿನ ತುದಿಯಿಂದ ಒಂದು ಹನಿ ಹಾಳೆಯ ಅಂಚಿಗೆ ಬಿತ್ತು, ಅವಳಿಗೆ ಗೊತ್ತಾಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಅಕ್ಷರ ಬಿಟ್ಟು ಅರ್ಥವನ್ನಷ್ಟೇ ಓದುತ್ತಿದ್ದಳು. ಎದ್ದು ಹೋಗಿ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದಳು.

ನಾಲ್ಕನೆಯ ಸಲ ಕೆಲಸದ ಕಣ್ಣಿನಿಂದ ನೋಡಿದಾಗ ತಪ್ಪು ಸಿಕ್ಕಿತು. ಹನ್ನೊಂದನೆಯ ಪುಟದ ಕಾರ್ಯಕ್ರಮ ಪಟ್ಟಿಯಲ್ಲಿ ಅದೇ ಗೋಷ್ಠಿ ಏಳನೆಯ ಸಭಾಂಗಣದಲ್ಲಿ ಎಂದಿತ್ತು.

"ಪಟ್ಟಿಯಲ್ಲಿ ಏಳು ಇದ್ರೆ ಇಲ್ಲೂ ಏಳು ಮಾಡು. ಅದಕ್ಕೇನು?" ಎಂದರು ಯಜಮಾನರು.

"ಪಟ್ಟಿಯೇ ತಪ್ಪಿದ್ರೆ? ಜನ ಹೋಗಿ ಬೀಗ ಹಾಕಿದ ಬಾಗಿಲು ನೋಡ್ಕೊಂಡು ಬರಬೇಕಾ? ಬರೆದವರನ್ನೇ ಕೇಳ್ತೀನಿ."

ಸಮ್ಮೇಳನದ ಕಚೇರಿಯಿಂದ ನಂಬರು ತೆಗೆದುಕೊಂಡು ಡಯಲು ಮಾಡಿದಳು. ಅತ್ತ ಕಡೆ ಎತ್ತಿದವರ ದನಿ ಸ್ವಲ್ಪ ಒಡಕು, ಅವಸರವಿಲ್ಲದ್ದು. ಸಭಾಂಗಣದ ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗಿಯಿತು.

"ಏಳನೇದೇ ಸರಿಯಮ್ಮ. ನಾನು ಬರೆದದ್ದೇ ತಪ್ಪು. ಒಳ್ಳೇದಾಯ್ತು ಕೇಳಿದ್ದು. ಇಲ್ಲದಿದ್ರೆ ನನ್ನ ಗೋಷ್ಠಿಗೆ ಬರೋ ನಾಲ್ಕು ಜನವೂ ದಾರಿ ತಪ್ಪಿ ತಲೆನೋವಿನ ಕಡೆ ಹೋಗಿರೋರು."

ವಿರಾಮಕ್ಕ ಫೋನು ಇಡಬೇಕಿತ್ತು. ಇಡಲಿಲ್ಲ.

"ಡಾಕ್ಟರಮ್ಮ, ಇನ್ನೊಂದು ಮಾತು ಕೇಳಬಹುದಾ? ಇದು ಕರಡಿಗೆ ಸಂಬಂಧಪಟ್ಟದ್ದಲ್ಲ."

"ಕೇಳಿ."

"ನೀವು ಕ್ಷೌರಿಕರ ಕತ್ತರಿ ಅಂತ ಬರೆದಿದ್ದೀರಿ. ಬಟ್ಟೆ ಕತ್ತರಿಸೋ ಕತ್ತರಿಗೂ ಹಾಗಾಗುತ್ತಾ?"

"ಯಾರಿಗೆ, ನಿಮಗಾ?"

"ನಮ್ಮ ಮನೆಯವರಿಗೆ. ಒಂಬತ್ತು ವರ್ಷ ಆಯ್ತು."

ಅಲ್ಲಿಂದ ಪ್ರಶ್ನೆ ಕೇಳುವ ಸರದಿ ಡಾಕ್ಟರಮ್ಮನದಾಯಿತು. ಬರೆಯುವಾಗ ಹೇಗೆ? ಕತ್ತರಿ ಇಲ್ಲದೆ ಬರಿಗೈಯಲ್ಲಿ ಆಡಿಸಿದರೆ? ಎಡಗೈ? ನಿದ್ದೆ? ಬೇರೆ ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದರಾ? ಅವಳಿಗೆ ಗೊತ್ತಿದ್ದದ್ದನ್ನು ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಕೊನೆಗೆ ಡಾಕ್ಟರಮ್ಮ, "ಫೋನಲ್ಲಿ ಕಾಯಿಲೆ ಹೇಳೋಳು ನಾನಲ್ಲ. ಕೈ ನೋಡಬೇಕು. ಶನಿವಾರ ಏಳು ಗಂಟೆಗೆ ಭವನದ ಬಾಗಿಲಿಗೆ ಬನ್ನಿ, ಇಬ್ಬರ ಹೆಸರಲ್ಲೂ ಪಾಸು ಬರೆಸಿಟ್ಟಿರ್ತೀನಿ. ಅವರ ಕತ್ತರಿ ತರಲಿ. ಅವರದೇ ಕತ್ತರಿ, ಬೇರೆದು ಬೇಡ" ಎಂದರು.

ಸಂಜೆ ಮನೆಯಲ್ಲಿ ವಿಷಯ ಎತ್ತಿದಾಗ ಮಾಸ್ತರು ಕೈ ಅಡ್ಡ ಹಿಡಿದರು.

"ಬೇಡ. ಇನ್ನೊಬ್ಬರು ಎಕ್ಸ್‌ರೇ ಹಿಡ್ಕೊಂಡು ನಗೋದು, ನಾನು ತಲೆ ತಗ್ಗಿಸ್ಕೊಂಡು ಬರೋದು. ಸಾಕು ಅದು."

ವಿರಾಮಕ್ಕ ವಾದಕ್ಕೆ ಹೋಗಲಿಲ್ಲ. ಚೀಲದಿಂದ ಕರಡಿನ ಪ್ರತಿ ತೆಗೆದು ಆ ಆರನೆಯ ಶಿಫಾರಸನ್ನು ಗಟ್ಟಿಯಾಗಿ ಓದಿದಳು. ಮಾಸ್ತರು ಮೊದಲು ಗೋಡೆ ನೋಡುತ್ತಿದ್ದರು. 'ಕೆಳಗಿಟ್ಟರೆ ಕೈ ಮೊದಲಿನಂತೆ' ಎನ್ನುವಲ್ಲಿ ತಿರುಗಿದರು. ಮುಗಿದ ಮೇಲೆ ಹಾಳೆ ಈಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ತಾವೇ ಓದಿದರು. ಬಹಳ ಹೊತ್ತು ಬೇಕಾಯಿತು.

"ಇದನ್ನ ಯಾರು ಬರೆದದ್ದು? ನನ್ನ ವಿಷಯ ಇವರಿಗೆ ಯಾರು ಹೇಳಿದ್ರು?" ಎಂದು ಕೇಳಿದರು. ದನಿ ಅವರದಾಗಿರಲಿಲ್ಲ.

"ಯಾರೂ ಹೇಳಿಲ್ಲ ರೀ. ನಿಮ್ಮ ಹಾಗೆ ಇನ್ನೂ ಜನ ಇದ್ದಾರೆ."

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. "ಅವಳು ಹೇಳೋದು ಕೇಳು. ಮೂವತ್ತು ವರ್ಷದಿಂದ ಊರವರ ತಪ್ಪು ಹುಡುಕ್ತಾಳೆ, ನಿನ್ನ ಕೈಯಲ್ಲಿರೋದು ಹುಡುಕೋಕೆ ಒಂಬತ್ತು ವರ್ಷ ತಗೊಂಡ್ಲು. ಇರಲಿ, ಸಿಕ್ಕಿತಲ್ಲ! ಹೋಗಿ ಬಾ." ಅತ್ತೆ ಸೊಸೆಯನ್ನು ಹೊಗಳುವ ರೀತಿ ಅದು. ಬೈಗುಳದ ಹೊಟ್ಟೆಯೊಳಗೇ ಇಟ್ಟು ಕೊಡುತ್ತಿದ್ದರು.

ಶನಿವಾರ ಏಳಕ್ಕೆ ಅವರು ಭವನದ ಗಾಜಿನ ಬಾಗಿಲ ಮುಂದೆ ಇದ್ದರು. ಮಾಸ್ತರ ಮೈಮೇಲೆ ಅವರೇ ಹಿಂದೆ ಕತ್ತರಿಸಿದ ಕಪ್ಪು ಕೋಟು. ಕಂಕುಳಲ್ಲಿ ಹಳೆಯ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿದ ಕತ್ತರಿ. ಕಾವಲಿನವನು ಅದನ್ನು ಬಿಚ್ಚಿಸಿ, ಒಂದೂವರೆ ಅಡಿ ಉಕ್ಕು ನೋಡಿ ಬೆಚ್ಚಿದ. ಅಷ್ಟರಲ್ಲಿ ಡಾಕ್ಟರಮ್ಮನೇ ಬಂದರು. ಗಿಡ್ಡ ಹೆಂಗಸು, ಬೆಳ್ಳಗಿನ ಮೋಟು ಕೂದಲು, ಓಡುವುದಕ್ಕೆ ಹಾಕುವಂಥ ಬೂಟು. ಮಾಸ್ತರ ಮುಖ ನೋಡುವ ಮೊದಲು ಅವರ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು.

ಪಕ್ಕದ ಚಿಕ್ಕ ಕೋಣೆಯಲ್ಲಿ ಅರ್ಧ ಗಂಟೆ ಪರೀಕ್ಷೆ ನಡೆಯಿತು. ಬರೆಸಿದರು, ಗುಂಡಿ ಹಾಕಿಸಿದರು, ಕಣ್ಣು ಮುಚ್ಚಿ ಬೆರಳು ಮೂಗಿಗೆ ತಾಗಿಸಿದರು, ಸುತ್ತಿಗೆಯಿಂದ ಮೊಣಕೈ ತಟ್ಟಿದರು. ಆಮೇಲೆ ಒಂದು ಟವೆಲು ಹರವಿ, ಕತ್ತರಿಸಿ ಎಂದರು. ಹೆಬ್ಬೆರಳು ಮಡಚಿತು, ಮಣಿಕಟ್ಟು ಒಳಕ್ಕೆ ತಿರುಗಿತು. ಮಾಸ್ತರು ಕಣ್ಣು ಮುಚ್ಚಿಕೊಂಡರು.

"ನೋವಾಗುತ್ತಾ?" ಎಂದು ಕೇಳಿದರು ಡಾಕ್ಟರಮ್ಮ.

ಒಂಬತ್ತು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ಹೆಂಡತಿಯೂ ಕೇಳಿರಲಿಲ್ಲ. "ಇಲ್ಲಿ," ಎಂದು ಮಾಸ್ತರು ಮುಂಗೈ ತೋರಿಸಿದರು. "ಹಗ್ಗ ಹೊಸೆದ ಹಾಗೆ."

"ಆಗಲೇಬೇಕು. ಎಳೆಯೋ ಸ್ನಾಯು, ಬಿಡೋ ಸ್ನಾಯು ಎರಡೂ ಒಟ್ಟಿಗೆ ಜಗ್ಗುತ್ತಿವೆ. ಇದಕ್ಕೆ ಡಿಸ್ಟೋನಿಯಾ ಅಂತಾರೆ. ಕೈಯನ್ನು ನಡೆಸೋ ಮಿದುಳಿನ ಲೆಕ್ಕ ಇದೊಂದು ಕೆಲಸದಲ್ಲಿ ಅಡ್ಡಾದಿಡ್ಡಿ ಆಗಿದೆ. ನಿಮ್ಮ ಧೈರ್ಯಕ್ಕೂ ಇದಕ್ಕೂ ಸಂಬಂಧ ಇಲ್ಲ. ಸೋಮಾರಿತನಕ್ಕೂ ಇಲ್ಲ. ಇದು ನಿಮ್ಮ ತಪ್ಪಲ್ಲ, ತಿಳೀತಾ?"

ಮಾಸ್ತರು ತಲೆ ಆಡಿಸಿದರು. ಡಾಕ್ಟರಮ್ಮ ಮೆಲ್ಲಗೆ, "ಒಳಗೆ ಜನ ಕೂತಿರ್ತಾರೆ. ಅವರಿಗೆ ತೋರಿಸಲೇಬೇಕು ಅಂತೇನಿಲ್ಲ. ನಾನು ನೋಡಿದ್ದಾಯ್ತು, ನಿಮ್ಮ ಚಿಕಿತ್ಸೆ ಹೇಗಿದ್ರೂ ಆಗುತ್ತೆ. ಬೇಡ ಅಂದ್ರೆ ಬೇಡ" ಎಂದರು.

ಮಾಸ್ತರು ಹೆಂಡತಿಯ ಕಡೆ ನೋಡಿದರು. ಅವಳು ಹೌದೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. "ಒಂಬತ್ತು ವರ್ಷ ಬಚ್ಚಿಟ್ಟದ್ದಾಯ್ತು. ತೋರಿಸ್ತೀನಿ," ಎಂದರು ಮಾಸ್ತರು.

ಏಳನೆಯ ಸಭಾಂಗಣದಲ್ಲಿ ನಲವತ್ತು ಕುರ್ಚಿ. ಎಂಟಕ್ಕೆ ಐದು ನಿಮಿಷ ಇದ್ದಾಗ ಅಷ್ಟೂ ತುಂಬಿ, ಗೋಡೆಯುದ್ದಕ್ಕೂ ಜನ ನಿಂತಿದ್ದರು. ಹಲವರ ಕೈಯಲ್ಲಿ ಪತ್ರಿಕೆ, ಮೂರನೆಯ ಪುಟ ಹೊರಕ್ಕೆ ಮಡಚಿದ್ದು. ಬಾಗಿಲಲ್ಲಿ ಒಬ್ಬ ಯುವ ಡಾಕ್ಟರ್ ಇನ್ನೊಬ್ಬನಿಗೆ, "ಏಳನೇದು ಇದೇ ತಾನೇ?" ಎಂದ. ಹಿಂದಿನ ಸಾಲಿನಲ್ಲಿ ಕೂತಿದ್ದ ವಿರಾಮಕ್ಕ ತನಗರಿವಿಲ್ಲದೆ, "ಇದೇ ಇದೇ, ಬನ್ನಿ" ಎಂದಳು.

ಅವಳ ಗಂಡ ವೇದಿಕೆ ಹತ್ತಿದ್ದನ್ನು ಅವಳು ಅದುವರೆಗೆ ಕಂಡವಳಲ್ಲ. ಮೇಜಿನ ಮೇಲೆ ಬೂದು ಬಟ್ಟೆ ಹಾಸಿದ್ದರು, ಸೀಮೆಸುಣ್ಣದ ನೇರ ಗೆರೆ ಎಳೆದಿತ್ತು. ಮಾಸ್ತರು ಕತ್ತರಿ ಎತ್ತಿದರು. ಹಿಂದಿನ ಪರದೆಯ ಮೇಲೆ ಆ ಕೈ ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಬೆರಳು ಮಡಚಿತು. ಕತ್ತರಿ ಗೆರೆ ಬಿಟ್ಟು ಓರೆಯಾಗಿ ಓಡಿತು. ಯಾರೂ ನಗಲಿಲ್ಲ, ಪಿಸುಗುಟ್ಟಲಿಲ್ಲ. ಪೆನ್ನುಗಳು ಬರೆಯುವ ಸದ್ದಷ್ಟೇ. ಅಷ್ಟೊಂದು ಓದಿಕೊಂಡವರು ತನ್ನ ಗಂಡನ ಕೈಯಿಂದ ಏನನ್ನೋ ಕಲಿಯುತ್ತಿದ್ದಾರೆಂದು ತಿಳಿದಾಗ ಅವಳು ಕುರ್ಚಿಯ ಅಂಚಿಗೆ ಸರಿದು ಕೂತಳು.

ಡಾಕ್ಟರಮ್ಮ ಜೇಬಿನಿಂದ ಒಂದು ತೆಳು ರಬ್ಬರಿನ ಕೈಗವಸು ತೆಗೆದು ಮಾಸ್ತರಿಗೆ ಕೊಟ್ಟರು. "ಇದನ್ನು ಹಾಕ್ಕೊಂಡು ಇನ್ನೊಂದು ಸಲ ನೋಡೋಣ. ಕೆಲವರಿಗೆ ಚರ್ಮಕ್ಕೆ ತಾಗೋದು ಬೇರೆ ಆದ್ರೆ ಮಿದುಳು ಮೋಸ ಹೋಗುತ್ತೆ. ಕೆಲವರಿಗೆ ಏನೂ ಆಗಲ್ಲ. ಆಗದಿದ್ರೆ ಬೇಜಾರು ಬೇಡ."

ಮಾಸ್ತರು ಕೈಗವಸು ಏರಿಸಿಕೊಂಡು ಕತ್ತರಿ ಹಿಡಿದರು. ಹೆಬ್ಬೆರಳು ನಡುಗಿತು, ಮಡಚಲು ಹೋಯಿತು, ಅರ್ಧಕ್ಕೆ ನಿಂತಿತು. ಕತ್ತರಿ ಗೆರೆಯ ಮೇಲೆ ಕೂತು ಮುಂದಕ್ಕೆ ಸರಿಯಿತು. ಒಂದು ಇಂಚು, ಎರಡು, ನಾಲ್ಕು. ಐದನೆಯದರಲ್ಲಿ ಮಣಿಕಟ್ಟು ಮತ್ತೆ ತಿರುಗಿತು. ಮಾಸ್ತರು ಕತ್ತರಿ ಕೆಳಗಿಟ್ಟು, ಆ ನಾಲ್ಕು ಇಂಚಿನ ಅಂಚನ್ನು ಎಡಗೈ ಬೆರಳಿನಿಂದ ಸವರಿದರು. ಸವರಿ ಬಟ್ಟೆಯನ್ನು ಮುಖದ ಹತ್ತಿರ ತಂದರು. ಕಣ್ಣೊರೆಸಿಕೊಳ್ಳುವುದಕ್ಕೋ ಅಂಚು ನೋಡುವುದಕ್ಕೋ ಹಿಂದಿನ ಸಾಲಿನಿಂದ ತಿಳಿಯಲಿಲ್ಲ.

ಮುಗಿದ ಮೇಲೆ ಜನ ಮಾಸ್ತರನ್ನು ಸುತ್ತುವರಿದರು. ಮುಂದಿನ ಸಾಲಿನಲ್ಲಿದ್ದ ಒಬ್ಬ ವಯಸ್ಸಾದ ಡಾಕ್ಟರ್ ಮಾತ್ರ ಸಾಲು ಕರಗುವ ತನಕ ಕಾದು ಬಂದು, "ನನ್ನ ಹತ್ತಿರ ಒಬ್ಬ ಪಿಟೀಲಿನವನು ಬಂದಿದ್ದ. ಅಭ್ಯಾಸ ಸಾಲದು ಅಂತ ಹೇಳಿ ಕಳಿಸಿಬಿಟ್ಟೆ. ಅವನ ವಿಳಾಸ ಹುಡುಕ್ತೀನಿ. ನೀವು ಇವತ್ತು ಬಂದದ್ದು ಉಪಕಾರ ಆಯ್ತು" ಎಂದು ಮಾಸ್ತರ ಕೈ ಹಿಡಿದುಕೊಂಡರು. ತಾವು ಉಪಕಾರ ಪಡೆಯಲು ಬಂದವರೆಂದು ತಿಳಿದಿದ್ದ ಮಾಸ್ತರು ಅಭ್ಯಾಸಬಲದಿಂದ ಆ ಡಾಕ್ಟರ ಕೋಟಿನ ಕಾಲರನ್ನು ಸರಿಮಾಡಿದರು.

ಬಸ್ಸಿನಲ್ಲಿ ಬರುವಾಗ ವಿರಾಮಕ್ಕ ಕಿಟಕಿಯ ಹೊರಗೆ ನೋಡುತ್ತ, "ಆವತ್ತು ಬಟ್ಟೆ ಮಡಚುವಾಗ ನಾನೂ ಅಂದಿದ್ದೆ. ಮನಸ್ಸಿಟ್ಟು ನೋಡಿ ಅಂತ" ಎಂದಳು.

"ಗೊತ್ತು."

"ಮರೆತಿರಬಹುದು ಅಂದ್ಕೊಂಡಿದ್ದೆ."

"ಮರೆತಿಲ್ಲ," ಎಂದರು ಮಾಸ್ತರು. "ಆದ್ರೆ ಡಾಕ್ಟರಮ್ಮನೇ ಹಾಗಂದಿದ್ರಂತೆ, ನಿನ್ನದೇನು ಮಹಾ" ಎಂದು ಅವಳ ಮಡಿಲಲ್ಲಿದ್ದ ಚೀಲವನ್ನು ತಮ್ಮ ಮಡಿಲಿಗೆ ತೆಗೆದುಕೊಂಡರು. ಅವಳು ಮನೆ ಬರುವ ತನಕ ಮೂಗು ಒರೆಸಿಕೊಳ್ಳುತ್ತಲೇ ಇದ್ದಳು.

ಇವರ ಊರಿನ ದೊಡ್ಡ ಆಸ್ಪತ್ರೆಯಲ್ಲೇ ಡಾಕ್ಟರಮ್ಮನ ಹಳೆಯ ಶಿಷ್ಯರೊಬ್ಬರಿದ್ದರು. ಮೂರು ಮೂರೂವರೆ ತಿಂಗಳಿಗೊಮ್ಮೆ ಅವರು ಮುಂಗೈಯ ಸ್ನಾಯು ಹುಡುಕಿ, ಅದನ್ನು ಸಡಿಲಿಸುವ ಇಂಜೆಕ್ಷನ್ ಕೊಡತೊಡಗಿದರು. ಅಲ್ಲಿನ ಒಬ್ಬ ತರಬೇತುದಾರೆ ಕತ್ತರಿಯ ಹಿಡಿಗೆ ದಪ್ಪ ಚರ್ಮ ಸುತ್ತಿಸಿ, ನಿಧಾನವಾಗಿ ಮೊದಲಿನಿಂದ ಕತ್ತರಿಸುವುದನ್ನು ಕಲಿಸಿದರು. ಮೊದಲ ಇಂಜೆಕ್ಷನ್ನಿನಿಂದ ಕೈ ಬಲ ಕಳೆದುಕೊಂಡು ಎರಡು ವಾರ ಲೋಟವೂ ಜಾರಿತು. ಅತ್ತೆ ಡಾಕ್ಟರ ಏಳು ತಲೆಮಾರನ್ನು ನೆನೆದರು. ಎರಡನೆಯ ಸಲ ಮದ್ದಿನ ಅಳತೆ ಕೂಡಿಬಂತು. ಹಳೆಯ ಕೈ ಹಾಗೇ ಮರಳಿತು ಎಂದರೆ ಸುಳ್ಳಾದೀತು. ದಿನಕ್ಕೆ ಒಂದು ಗಂಟೆ, ಒಳ್ಳೆಯ ದಿನ ಒಂದೂವರೆ. ಆಮೇಲೆ ಹೆಬ್ಬೆರಳು ತನ್ನ ಹಳೇ ಹಟಕ್ಕೆ ಇಳಿಯುತ್ತಿತ್ತು. ಹಟಕ್ಕೆ ಇಳಿದರೆ ಮಾಸ್ತರು ಕತ್ತರಿ ಕೆಳಗಿಟ್ಟು, "ಇವತ್ತಿಗೆ ಮುಗೀತು ಅಂತಿದೆ" ಎನ್ನುತ್ತಿದ್ದರು, ಮನೆಯವರೊಬ್ಬರ ಸುದ್ದಿ ಹೇಳುವ ಹಾಗೆ. ಅದರಲ್ಲಿ ನಾಚಿಕೆ ಇರಲಿಲ್ಲ.

ಡಾಕ್ಟರಮ್ಮನಿಗೆ ಒಂದು ಕಾಗದ ಬರೆಯಬೇಕೆಂದು ವಿರಾಮಕ್ಕ ಕೂತಳು. ಊರವರ ವಾಕ್ಯವನ್ನೆಲ್ಲ ನೇರ ಮಾಡುವವಳಿಗೆ ತನ್ನದೊಂದು ವಾಕ್ಯ ನಿಲ್ಲಲಿಲ್ಲ. ಬರೆಯುವುದು, ಹೊಡೆದುಹಾಕುವುದು. ನಾಲ್ಕು ಭಾನುವಾರ ಹೋದವು. ಕೊನೆಗೆ ಮಾಸ್ತರು, "ಏನಾಯ್ತೋ ಅದನ್ನ ಬರಿ, ಹೊಗಳೋಕೆ ಹೋಗಬೇಡ" ಎಂದ ಮೇಲೆ ಹೀಗೆ ಬರೆದಳು: 'ಮೊನ್ನೆ ಅವರು ಒಂದು ಪೂರ್ತಿ ಕೋಟು ಕತ್ತರಿಸಿದರು. ಆರು ದಿನ ಹಿಡಿಯಿತು. ಹಿಂದೆ ಒಂದು ಗಂಟೆಯ ಕೆಲಸ. ಮನೆಯಲ್ಲಿ ಈಗ ಊಟದ ಹೊತ್ತಿಗೆ ಮಾತು ಇರುತ್ತದೆ. ನೀವು ಬರೆದ ಆ ಹದಿನೈದು ಸಾಲಿಗೆ ನಾವು ಮೂವರೂ ಋಣಿಗಳು.'

ಮೂರು ವಾರದಲ್ಲಿ ಉತ್ತರ ಬಂತು. ಡಾಕ್ಟರಮ್ಮ ಬರೆದಿದ್ದರು: 'ಆ ಪುಟಕ್ಕೆ ಮೊದಲು ನನ್ನನ್ನು ಕೇಳಿರಲೇ ಇಲ್ಲ. ಬೇರೊಬ್ಬ ತಜ್ಞರು ಕಡೇ ಗಳಿಗೆಯಲ್ಲಿ ಒಲ್ಲೆ ಎಂದರಂತೆ. ಏನಾದರೂ ಬರೆದುಕೊಡಿ ಎಂದು ಫೋನು ಬಂದಾಗ ನಾನು ರೈಲಿನಲ್ಲಿದ್ದೆ, ಟಿಕೆಟಿನ ಹಿಂಬದಿಯಲ್ಲಿ ಗೀಚಿದೆ. ಡಾಕ್ಟರುಗಳು ಓದಲಿ ಎಂದು ಬರೆದದ್ದನ್ನು ನೀವು ಓದಿದಿರಿ. ನಿಮ್ಮ ಕಾಗದವನ್ನು ನನ್ನ ವಿದ್ಯಾರ್ಥಿಗಳಿಗೆ ಓದಿ ಹೇಳಿದ್ದೇನೆ, ಕ್ಷಮಿಸಿ.' ವಿರಾಮಕ್ಕ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದಳು. ಅತ್ತೆ ಇನ್ನೊಂದು ಸಲ ಓದಿಸಿಕೊಂಡು, ಒಲ್ಲೆ ಎಂದ ಆ ಪುಣ್ಯಾತ್ಮ ಯಾರೋ ಅವನ ಹೊಟ್ಟೆ ತಣ್ಣಗಿರಲಿ ಎಂದರು.

ಹಳೆಯ ಅಂಗಡಿಯವರು ಮಾಸ್ತರನ್ನು ಮತ್ತೆ ಕರೆದರು. ಲಾಂಡ್ರಿ ಬಿಟ್ಟು, ವಾರಕ್ಕೆ ನಾಲ್ಕು ಬೆಳಗ್ಗೆ ಬಂದು, ಕಷ್ಟದ ಕೋಟುಗಳಿಗೆ ಮೊದಲ ಕತ್ತರಿ ಹಾಕಿ, ಉಳಿದದ್ದನ್ನು ಬೇರೆ ಕಟಿಂಗಿನವರಿಗೆ ನಿಂತು ಹೇಳಿಕೊಡುವುದು ಎಂದು ಮಾತಾಯಿತು. ಮೊದಲ ದಿನ ವಿರಾಮಕ್ಕ ಪ್ರೆಸ್ಸಿಗೆ ಹೋಗುವ ದಾರಿ ಬದಲಿಸಿ ಆ ಬೀದಿಯಲ್ಲಿ ನಡೆದಳು. ಅಂಗಡಿಯ ಕಿಟಕಿಯ ಒಳಗೆ ಉದ್ದನೆಯ ಮೇಜು, ಅದರ ಮೇಲೆ ಕಡುನೀಲಿ ಬಟ್ಟೆ. ಮಾಸ್ತರು ಬಲಗೈಗೆ ಕೈಗವಸು ಏರಿಸುತ್ತ, ಎದುರು ನಿಂತ ಇಬ್ಬರಿಗೆ ಏನೋ ಹೇಳುತ್ತಿದ್ದರು, ಅವರು ನಗುತ್ತಿದ್ದರು. ಅವಳು ಬಾಗಿಲು ತಟ್ಟಲಿಲ್ಲ. ಎದುರಿನ ಫುಟ್‌ಪಾತಿನಲ್ಲಿ ಚೀಲ ಎದೆಗವಚಿಕೊಂಡು, ಅವರು ಬಗ್ಗಿ ಕತ್ತರಿ ಎತ್ತಿಕೊಳ್ಳುವ ತನಕ ನಿಂತಿದ್ದಳು. ಆಮೇಲೆ ಗಡಿಯಾರ ನೋಡಿದಳು. ಒಂಬತ್ತು ದಾಟಿ ಹತ್ತು ನಿಮಿಷ. ಕೆಲಸಕ್ಕೆ ಸೇರಿದಂದಿನಿಂದ ಒಂದು ದಿನವೂ ತಡ ಮಾಡದವಳು ಆ ದಿನ ಓಡಲಿಲ್ಲ, ನಡೆದುಕೊಂಡೇ ಹೋದಳು.